ಬಳಸಿದ ದೋಣಿಯ ಎಂಜಿನ್ನು: ಅದರ ಮೂಲವನ್ನು ಗುರುತಿಸುವ ಬಗೆ

ಹೊಸ ದೋಣಿಯನ್ನು ಕಟ್ಟಿಸುವಷ್ಟು ಬಂಡವಾಳವಿಲ್ಲದವರು ಬಳಸಿದ ದೋಣಿಯನ್ನು ಕೊಳ್ಳುವುದು ಮೀನುಗಾರಿಕೆಯಲ್ಲಿಯೂ ಒಳನಾಡಿನ ಜಲಸಾರಿಗೆಯಲ್ಲಿಯೂ ಬಹುಕಾಲದಿಂದ ನಡೆದುಬಂದಿರುವ ರೂಢಿ. ಮುಂಬಯಿಯ ಸಸೂನ್ ಡಾಕ್, ಚೆನ್ನೈನ ಕಾಸಿಮೇಡು, ಮಂಗಳೂರು ಮತ್ತು ಮಲ್ಪೆಯ ಬಂದರುಗಳಲ್ಲಿ ಒಂದೇ ದೋಣಿ ಹಲವು ಒಡೆಯರ ಕೈದಾಟಿ ಬಂದಿರುವುದು ಅಪರೂಪವಲ್ಲ. ಕೊಳ್ಳುವವರು ಸಾಮಾನ್ಯವಾಗಿ ದೋಣಿಯ ಮರವನ್ನು ತಟ್ಟಿ ನೋಡುತ್ತಾರೆ, ತಳದಲ್ಲಿ ನೀರು ಒಸರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ, ಎಂಜಿನ್ನನ್ನು ಚಾಲೂ ಮಾಡಿಸಿ ಅದರ ಸದ್ದನ್ನು ಕೇಳುತ್ತಾರೆ. ಆದರೆ ಆ ಎಂಜಿನ್ನು ಯಾವುದು, ಅದನ್ನು ಯಾರು, ಯಾವಾಗ, ಯಾವ ಕೆಲಸಕ್ಕಾಗಿ ತಯಾರಿಸಿದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಎಂಜಿನ್ನು ಮೊದಲ ಬಾರಿಗೆ ಕೆಟ್ಟು ನಿಂತು, ಬಿಡಿಭಾಗಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗಿ ಬಂದಾಗ ಮಾತ್ರ ಆ ಪ್ರಶ್ನೆಯ ಮಹತ್ವ ತಿಳಿಯುತ್ತದೆ.

ಮೂಲ ತಿಳಿಯದ ಎಂಜಿನ್ನಿನಿಂದ ಆಗುವ ನಷ್ಟ ಮೂರು ಬಗೆಯದು. ಒಂದು, ಸರಿಯಾದ ಬಿಡಿಭಾಗ ದೊರೆಯದೆ ದೋಣಿಯು ದುಡಿಮೆಯ ದಿನಗಳಲ್ಲಿ ದಡದಲ್ಲಿಯೇ ಉಳಿಯುತ್ತದೆ. ಎರಡು, ಹೊಂದಿಕೆಯಾಗದ ಭಾಗವನ್ನು ತೊಡಿಸಿದ ಎಂಜಿನ್ನು ಕರೆ ಕಾಣದಷ್ಟು ದೂರದ ಕಡಲಿನಲ್ಲಿ ನಿಂತುಹೋದರೆ ಅದರಲ್ಲಿರುವವರ ಪ್ರಾಣಕ್ಕೇ ಸಂಚಕಾರ ಒದಗುತ್ತದೆ. ಮೂರು, ಎಂಜಿನ್ನಿನ ಸಂಖ್ಯೆಯು ನೋಂದಣಿ ಪತ್ರದೊಂದಿಗೆ ತಾಳೆಯಾಗದಿದ್ದರೆ ಕೊಂಡವರು ಕಾನೂನಿನ ತೊಡಕಿಗೆ ಸಿಲುಕಬೇಕಾಗುತ್ತದೆ. ತಾಳ್ಮೆಯಿಂದ ಪರಿಶೀಲಿಸಿದಲ್ಲಿ ಹೆಚ್ಚಿನ ಎಂಜಿನ್ನುಗಳು ತಮ್ಮ ಮೂಲವನ್ನು ತಾವೇ ಹೇಳುತ್ತವೆ. ಈ ಪರಿಶೀಲನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೆಸರು ಒಂದು, ಮೂಲ ಇನ್ನೊಂದು

ದೋಣಿಗಳಲ್ಲಿ ಕಂಡುಬರುವ ಎಂಜಿನ್ನುಗಳಲ್ಲಿ ಅನೇಕವು ಮೂಲತಃ ದೋಣಿಗೆಂದು ರೂಪುಗೊಂಡವಲ್ಲ ಎಂಬುದನ್ನು ಮೊದಲಿಗೆ ಅರಿತಿರಬೇಕು. ಲಾರಿ, ಟ್ರ್ಯಾಕ್ಟರ್, ಕಾರು ಅಥವಾ ವಿದ್ಯುಜ್ಜನಕಕ್ಕಾಗಿ ತಯಾರಾದ ಎಂಜಿನ್ನನ್ನು ಪಡೆದು, ಅದಕ್ಕೆ ಸಮುದ್ರದ ನೀರನ್ನು ಸೆಳೆಯುವ ಪಂಪು, ಶಾಖ ವಿನಿಮಯಕ, ನೀರಿನಿಂದ ತಣಿಸಲ್ಪಡುವ ಹೊಗೆನಳಿಗೆ, ದೋಣಿಗೆ ತಕ್ಕ ಗೇರ್‌ಪೆಟ್ಟಿಗೆ ಇವುಗಳನ್ನು ಜೋಡಿಸಿ ಮಾರುವ ಕಂಪನಿಗಳಿವೆ. ಇಂತಹ ಕಂಪನಿ ತನ್ನದೇ ಹೆಸರಿನ ಫಲಕವನ್ನು ಎಂಜಿನ್ನಿಗೆ ಹಚ್ಚುತ್ತದೆ. ಆದ್ದರಿಂದ ಫಲಕದ ಮೇಲಿನ ಹೆಸರು ಜೋಡಿಸಿದವರದು. ಎರಕದ ದೇಹ ಬೇರೆಯವರದು.

ಇದಕ್ಕೆ ನಿದರ್ಶನಗಳು ಹೇರಳ. ಅಮೆರಿಕದ ಲೇಮನ್ ಹೆಸರಿನಲ್ಲಿ ದೋಣಿಗಳಿಗೆ ಮಾರಾಟವಾದ 120 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿನ ಮೂಲದೇಹವು ಇಂಗ್ಲೆಂಡಿನ ಫೋರ್ಡ್ ಕಂಪನಿಯ ಆರು ಸಿಲಿಂಡರಿನ ಎಂಜಿನ್ನು. ವೋಲ್ವೋ ಪೆಂಟಾ ಕಂಪನಿಯ ಕೆಲವು ಸಣ್ಣ ಎಂಜಿನ್ನುಗಳು ಪರ್ಕಿನ್ಸ್ ಮೂಲದವು. ಬೀಟಾ ಮತ್ತು ನಾನಿ ಎಂಬ ಹೆಸರಿನ ಅನೇಕ ಎಂಜಿನ್ನುಗಳ ಒಳಗಿರುವುದು ಜಪಾನಿನ ಕುಬೋಟಾ. ವೇಟಸ್ ಹೆಸರಿನ ಕೆಲವು ಎಂಜಿನ್ನುಗಳ ಒಳಗಿರುವುದು ಜಪಾನಿನದೇ ಆದ ಮಿತ್ಸುಬಿಷಿ.

ಭಾರತದ ಓದುಗರಿಗೆ ಹೆಚ್ಚು ಪರಿಚಿತವಾದ ಉದಾಹರಣೆಯೂ ಒಂದಿದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತಯಾರಿಸಿದ ಒಂದೂವರೆ ಲೀಟರಿನ ಡೀಸೆಲ್ ಎಂಜಿನ್ನು ಬ್ರಿಟನ್ನಿನ ಕಾಲುವೆಗಳಲ್ಲಿ ಓಡಾಡುವ ಅಸಂಖ್ಯ ದೋಣಿಗಳಲ್ಲಿದೆ. ಕೆಲವು ದೋಣಿಗಳಲ್ಲಿ ಅದಕ್ಕೆ ಬಿಎಂಸಿ ಕ್ಯಾಪ್ಟನ್ ಎಂದು ಹೆಸರಿದ್ದರೆ ಇನ್ನು ಕೆಲವುಗಳಲ್ಲಿ ಥಾರ್ನಿಕ್ರಾಫ್ಟ್ 90 ಎಂಬ ಫಲಕವಿರುತ್ತದೆ. ಇದೇ ವಿನ್ಯಾಸದ 1489 ಘನ ಸೆಂಟಿಮೀಟರಿನ ಎಂಜಿನ್ನು ಭಾರತದಲ್ಲಿ ಡೀಸೆಲ್ ಅಂಬಾಸಿಡರ್ ಕಾರನ್ನು ಓಡಿಸಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆಯು 2014ರಲ್ಲಿ ನಿಂತಿತು. ಹೀಗೆ ಇಂಗ್ಲೆಂಡಿನ ಕಾಲುವೆಯ ದೋಣಿಯೂ ಭಾರತದ ರಸ್ತೆಯ ಟ್ಯಾಕ್ಸಿಯೂ ಎಂಜಿನ್ನಿನ ಮಟ್ಟಿಗೆ ಒಂದೇ ಕುಲಕ್ಕೆ ಸೇರಿದವು. ಈ ನಂಟನ್ನು ಅರಿತವನಿಗೆ ಬಿಡಿಭಾಗ ಹುಡುಕಬೇಕಾದ ದಿಕ್ಕು ತಿಳಿಯುತ್ತದೆ. ಅರಿಯದವನು ಫಲಕದ ಹೆಸರನ್ನು ಹಿಡಿದು ಅಲೆಯುತ್ತಾನೆ.

ಮೊದಲು ದಾಖಲೆಗಳು

ಪರಿಶೀಲನೆಯು ಎಂಜಿನ್ನಿನಿಂದಲ್ಲ, ಕಾಗದಪತ್ರಗಳಿಂದ ಆರಂಭವಾಗಬೇಕು. 2008ರ ನವೆಂಬರ್ ತಿಂಗಳಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆಸಿದವರು ಮೀನುಗಾರಿಕೆಯ ದೋಣಿಯೊಂದನ್ನು ಅಪಹರಿಸಿ ಬಳಸಿದ್ದರು. ತದನಂತರ ದೇಶದ ಕರಾವಳಿಯುದ್ದಕ್ಕೂ ಮೀನುಗಾರಿಕಾ ದೋಣಿಗಳ ನೋಂದಣಿಯನ್ನು ಬಿಗಿಗೊಳಿಸಿ, ರಿಯಲ್‌ಕ್ರಾಫ್ಟ್ ಎಂಬ ಗಣಕ ವ್ಯವಸ್ಥೆಯ ಮೂಲಕ ಏಕರೂಪಕ್ಕೆ ತರಲಾಯಿತು. ನೋಂದಣಿಯ ವಿವರಗಳಲ್ಲಿ ದೋಣಿಯ ಅಳತೆಯ ಜೊತೆಗೆ ಎಂಜಿನ್ನಿನ ತಯಾರಕರು, ಸಂಖ್ಯೆ ಮತ್ತು ಅಶ್ವಶಕ್ತಿಯೂ ಸೇರಿರುತ್ತವೆ. ಮಾರುವವರಿಂದ ನೋಂದಣಿ ಪತ್ರ, ಮೀನುಗಾರಿಕೆಯ ಪರವಾನಗಿ, ಎಂಜಿನ್ನನ್ನು ಕೊಂಡ ರಸೀದಿ, ದುರಸ್ತಿಯ ಹಳೆಯ ಬಿಲ್ಲುಗಳು ಇವೆಲ್ಲವನ್ನೂ ಕೇಳಿ ಪಡೆಯುವುದು ಕೊಳ್ಳುವವರ ಹಕ್ಕು. ಹಳೆಯ ಬಿಲ್ಲೊಂದರಲ್ಲಿ ದಾಖಲಾಗಿರುವ ಸೋಸುಕದ ಅಥವಾ ಬೆಲ್ಟಿನ ಸಂಖ್ಯೆಯೂ ಎಂಜಿನ್ನಿನ ಮೂಲದತ್ತ ಕೈತೋರಬಲ್ಲದು.

ಶುಚಿಗೊಳಿಸುವಾಗ ಎಚ್ಚರ

ವರ್ಷಗಟ್ಟಲೆ ದುಡಿದ ಎಂಜಿನ್ನಿನ ಮೇಲೆ ಎಣ್ಣೆ, ಉಪ್ಪು ಮತ್ತು ಬಣ್ಣದ ಪದರಗಳು ಗಟ್ಟಿಯಾಗಿ ಕುಳಿತಿರುತ್ತವೆ. ಅಂಕಿಗಳನ್ನು ಓದುವುದಕ್ಕೆ ಮುನ್ನ ಇವುಗಳನ್ನು ತೆಗೆಯಬೇಕಾಗುತ್ತದೆ. ಎಂಜಿನ್ನು ಪೂರ್ಣವಾಗಿ ತಣ್ಣಗಾಗಿರಬೇಕು. ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿರಬೇಕು. ಎಂಜಿನ್ ಕೋಣೆಯ ಬಾಗಿಲುಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಬೀಡಿ, ದೀಪ ಮುಂತಾದ ಬೆಂಕಿಯನ್ನು ಹತ್ತಿರ ತರಬಾರದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಮತ್ತು ನೈಲಾನ್ ಕುಂಚದಿಂದ ಮೆಲ್ಲನೆ ಉಜ್ಜುವುದು ಕ್ಷೇಮಕರ. ಉಳಿ, ಅರ ಅಥವಾ ತಿರುಗುವ ತಂತಿಯ ಚಕ್ರವನ್ನು ಬಳಸಿದರೆ ಅಚ್ಚೊತ್ತಿದ ಅಂಕಿಗಳೇ ಅಳಿಸಿಹೋಗುತ್ತವೆ. ಅಂಕಿಗಳು ಮಸುಕಾಗಿದ್ದಲ್ಲಿ ಅವುಗಳ ಮೇಲೆ ಸೀಮೆಸುಣ್ಣವನ್ನು ತೀಡಿ ಒರೆಸಿದರೆ ತಗ್ಗಿನಲ್ಲಿ ಬಿಳುಪು ಉಳಿದು ಓದಲು ಸುಲಭವಾಗುತ್ತದೆ. ತೆಳುವಾದ ಕಾಗದವನ್ನು ಮೇಲಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಪಡಿಯಚ್ಚು ತೆಗೆದುಕೊಳ್ಳುವುದೂ ಉತ್ತಮ ಉಪಾಯ. ಕೈಗೆಟುಕದ ಜಾಗಗಳಿಗೆ ಸಣ್ಣ ಕನ್ನಡಿ ಮತ್ತು ಟಾರ್ಚು ಸಾಕು.

ಮೂರು ಬಗೆಯ ಗುರುತುಗಳು

ಎಂಜಿನ್ನಿನ ಮೇಲೆ ಕಾಣುವ ಅಂಕಿ ಅಕ್ಷರಗಳೆಲ್ಲವೂ ಒಂದೇ ತರದವಲ್ಲ. ಅವುಗಳನ್ನು ಬೇರ್ಪಡಿಸಿ ನೋಡುವುದೇ ಈ ಕೆಲಸದ ಮುಖ್ಯ ಹಂತ.

ಮೊದಲನೆಯದು ತಗಡಿನ ಫಲಕ. ಇದು ತಿರುಪಿನಿಂದಲೋ ರಿವೆಟ್ಟಿನಿಂದಲೋ ಕೂಡಿಸಿದ್ದು. ಕಳಚಬಹುದು, ಬೇರೆ ಎಂಜಿನ್ನಿಗೆ ಹಚ್ಚಲೂಬಹುದು. ಆದ್ದರಿಂದ ಫಲಕವನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಎರಡನೆಯದು ಎರಕದ ದೇಹದ ಮೇಲೆ ಉಬ್ಬಿ ನಿಂತಿರುವ ಅಂಕಿಗಳು. ಲೋಹವನ್ನು ಅಚ್ಚಿಗೆ ಸುರಿಯುವಾಗಲೇ ಮೂಡುವ ಇವು ಆ ಎರಕದ ಭಾಗಸಂಖ್ಯೆಯನ್ನು ಸೂಚಿಸುತ್ತವೆ. ಒಂದೇ ಅಚ್ಚಿನಿಂದ ಬಂದ ಸಾವಿರಾರು ಎಂಜಿನ್ನುಗಳಲ್ಲಿ ಇದೇ ಅಂಕಿ ಇರುತ್ತದೆ. ಇದನ್ನೇ ಎಂಜಿನ್ನಿನ ಸಂಖ್ಯೆಯೆಂದು ಬರೆದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಆದರೂ ಮೂಲವನ್ನು ಪತ್ತೆಹಚ್ಚಲು ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ, ಏಕೆಂದರೆ ಇದನ್ನು ಬದಲಿಸುವುದು ಕಷ್ಟ. ಕಂಪನಿಯ ಲಾಂಛನವೂ ಎರಕ ಹೊಯ್ದ ದಿನಾಂಕದ ಗುರುತೂ ಇದರ ಸಮೀಪದಲ್ಲಿಯೇ ಕಾಣಸಿಗುವುದುಂಟು. ದಿನಾಂಕದಲ್ಲಿ ಕೆಲವೊಮ್ಮೆ ವರ್ಷದ ಕೊನೆಯ ಅಂಕಿ ಮಾತ್ರ ಇರುತ್ತದೆ. ಆಗ ದಶಕ ಯಾವುದೆಂಬುದನ್ನು ಇತರ ಭಾಗಗಳ ನೆರವಿನಿಂದ ನಿರ್ಣಯಿಸಬೇಕಾಗುತ್ತದೆ.

ಮೂರನೆಯದು ಎರಕದ ದೇಹದಲ್ಲಿ ನಯವಾಗಿ ಕಡೆದ ಚಪ್ಪಟೆ ಜಾಗದ ಮೇಲೆ ಉಕ್ಕಿನ ಮೊಳೆಯಿಂದ ಒತ್ತಿದ, ತಗ್ಗಾದ ಅಂಕಿಗಳು. ಆ ಒಂದು ಎಂಜಿನ್ನಿಗೆ ಮಾತ್ರ ಸಲ್ಲುವ ಕ್ರಮಾಂಕ ಇದೇ. ನೋಂದಣಿ ಪತ್ರದೊಂದಿಗೆ ತಾಳೆ ನೋಡಬೇಕಾದುದು ಈ ಸಂಖ್ಯೆಯನ್ನು.

ಸಂಖ್ಯೆಯನ್ನು ಓದುವ ಬಗೆ

ಅನೇಕ ತಯಾರಕರು ಎಂಜಿನ್ನಿನ ಹೆಸರಿನಲ್ಲಿಯೇ ಅದರ ಗಾತ್ರವನ್ನು ಅಡಗಿಸಿಟ್ಟಿರುತ್ತಾರೆ. ಇಂಗ್ಲೆಂಡಿನ ಪೀಟರ್‌ಬರೋ ನಗರದಲ್ಲಿ 1932ರಲ್ಲಿ ಸ್ಥಾಪಿತವಾದ ಪರ್ಕಿನ್ಸ್ ಕಂಪನಿಯ 4.108, 4.236, 6.354 ಎಂಬ ಮಾದರಿಗಳಲ್ಲಿ ಮೊದಲ ಅಂಕಿ ಸಿಲಿಂಡರುಗಳ ಎಣಿಕೆ. ಉಳಿದ ಮೂರು ಅಂಕಿಗಳು ಘನ ಅಂಗುಲಗಳಲ್ಲಿ ಎಂಜಿನ್ನಿನ ಗಾತ್ರ. ಒಂದು ಘನ ಅಂಗುಲವೆಂದರೆ ಸುಮಾರು 16.4 ಘನ ಸೆಂಟಿಮೀಟರು. ಲೇಲ್ಯಾಂಡ್ ವಿನ್ಯಾಸದ 370 ಮತ್ತು 400 ಎಂಬ ಎಂಜಿನ್ನುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಮೊದಲನೆಯದು 6 ಲೀಟರಿಗೆ ತುಸು ಹೆಚ್ಚು, ಎರಡನೆಯದು ಸುಮಾರು 6.5 ಲೀಟರು. ಚೆನ್ನೈ ಸಮೀಪದ ಎಣ್ಣೂರಿನ ಅಶೋಕ್ ಲೇಲ್ಯಾಂಡ್ ಕಂಪನಿಯು ಈ ಕುಲದ ಎಂಜಿನ್ನುಗಳನ್ನು ಬಸ್ಸು, ಲಾರಿಗಳಿಗಲ್ಲದೆ ಮೀನುಗಾರಿಕೆಯ ದೋಣಿಗಳಿಗೂ ಒದಗಿಸಿದೆ. ಪುಣೆಯ ಕೋಥ್ರೂಡಿನಲ್ಲಿ 1962ರಿಂದ ಕಾರ್ಯನಿರತವಾದ ಕಮಿನ್ಸ್ ಕಂಪನಿಯ ಎನ್‌ಟಿ 855 ಎಂಜಿನ್ನಿನ ಗಾತ್ರ 855 ಘನ ಅಂಗುಲ, ಎಂದರೆ 14 ಲೀಟರು. ಜಪಾನಿನ ಯಾನ್ಮಾರ್ ಕಂಪನಿಯ 2ಜಿಎಂ20, 3ಜಿಎಂ30 ಎಂಬ ಹೆಸರುಗಳಲ್ಲಿ ಮೊದಲ ಅಂಕಿ ಸಿಲಿಂಡರುಗಳ ಎಣಿಕೆ.

ಕ್ರಮಾಂಕದಲ್ಲಿಯೂ ಇಂತಹ ಸಂಕೇತಗಳಿರುತ್ತವೆ. ಪರ್ಕಿನ್ಸ್ ಕಂಪನಿಯು 1974ರಿಂದ ಅನುಸರಿಸಿದ ಪದ್ಧತಿಯಲ್ಲಿ ಮೊದಲ ಎರಡು ಅಕ್ಷರಗಳು ಎಂಜಿನ್ನಿನ ಕುಲವನ್ನು ಹೇಳುತ್ತವೆ. ಎಲ್ ಮತ್ತು ಡಿ ಎಂಬ ಅಕ್ಷರಗಳಿದ್ದರೆ ಅದು 4.236. ಅನಂತರದ ಅಂಕಿಗಳು ಆ ಎಂಜಿನ್ನಿನ ಜೋಡಣೆಯ ಪಟ್ಟಿಯ ಸಂಖ್ಯೆ. ಅವುಗಳ ಬಳಿಕ ಬರುವ ಅಕ್ಷರ ತಯಾರಾದ ದೇಶದ್ದು. ಯು ಎಂದರೆ ಬ್ರಿಟನ್. ಕೊನೆಯ ಅಕ್ಷರ ವರ್ಷದ್ದು. ಎ ಎಂದರೆ 1974, ಬಿ ಎಂದರೆ 1975, ಡಿ ಎಂದರೆ 1977. ಬಿಡಿಭಾಗ ಕೊಡುವವರಿಗೆ ಈ ಸಾಲನ್ನು ಒಂದಕ್ಷರವೂ ಬಿಡದಂತೆ ಬರೆದು ಕೊಟ್ಟಲ್ಲಿ ತಪ್ಪು ಭಾಗ ಬರುವ ಸಂಭವ ಬಹಳ ಕಡಿಮೆಯಾಗುತ್ತದೆ.

ಪೂರಕ ಸಾಕ್ಷ್ಯಗಳು

ಅಂಕಿಗಳು ಸ್ಪಷ್ಟವಾಗಿರದಿದ್ದಾಗ ಎಂಜಿನ್ನಿಗೆ ಜೋಡಿಸಿರುವ ಇತರ ಭಾಗಗಳು ನೆರವಿಗೆ ಬರುತ್ತವೆ. ಡೀಸೆಲ್ಲನ್ನು ಸಿಲಿಂಡರಿಗೆ ಸಿಂಪಡಿಸುವ ಪಂಪಿನ ಮೇಲೆ ಪ್ರತ್ಯೇಕ ಫಲಕವಿರುತ್ತದೆ. ಸಿಎವಿ ಎಂಬ ಹೆಸರಿದ್ದರೆ ಬ್ರಿಟಿಷ್ ವಿನ್ಯಾಸದ ಎಂಜಿನ್ನೆಂದೂ ಡೀಸೆಲ್ ಕಿಕಿ ಎಂದಿದ್ದರೆ ಜಪಾನಿನದೆಂದೂ ಪ್ರಾಥಮಿಕವಾಗಿ ಊಹಿಸಬಹುದು. ಮೈಕೋ ಎಂಬ ಹೆಸರು ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯದು. ಅದು ಎಂಜಿನ್ನು ಭಾರತದಲ್ಲಿ ತಯಾರಾಗಿರಬಹುದೆಂಬುದರ ಅಥವಾ ಇಲ್ಲಿ ದುರಸ್ತಿಗೊಂಡಿರಬಹುದೆಂಬುದರ ಸೂಚನೆ. ಪಂಪನ್ನು ಬದಲಿಸಿರುವ ಸಾಧ್ಯತೆ ಇರುವುದರಿಂದ ಇದೊಂದೇ ಆಧಾರ ಸಾಲದು.

ಬೋಲ್ಟುಗಳೂ ಮಾತನಾಡುತ್ತವೆ. ತಲೆಯ ಮೇಲೆ 8.8 ಅಥವಾ 10.9 ಎಂದಿದ್ದರೆ ಅದು ಮೆಟ್ರಿಕ್ ಬೋಲ್ಟು. ಕೇಂದ್ರದಿಂದ ಹೊರಟ ಮೂರು ಅಥವಾ ಆರು ಗೆರೆಗಳಿದ್ದರೆ ಅದು ಅಂಗುಲದ ಅಳತೆಯದು. ಅರ್ಧ ಅಂಗುಲದ ಸ್ಪ್ಯಾನರ್ ಎಂದರೆ 12.7 ಮಿಲಿಮೀಟರು, 13 ಮಿಲಿಮೀಟರಿನ ಸ್ಪ್ಯಾನರ್ ಅದರ ಮೇಲೆ ಸಡಿಲವಾಗಿ ಕುಳಿತು ಮೂಲೆಗಳನ್ನು ಸವೆಸುತ್ತದೆ. ಪದೇ ಪದೇ ಬಿಚ್ಚುವ ಬೋಲ್ಟುಗಳು ಬದಲಾಗಿರುವುದು ಸಹಜವಾದುದರಿಂದ ಅಪರೂಪಕ್ಕೆ ಬಿಚ್ಚುವ ಕವಚಗಳ ಬೋಲ್ಟುಗಳನ್ನು ನೋಡುವುದು ಮೇಲು. ಅಂಗುಲದ ಬೋಲ್ಟು ಹಳೆಯ ಬ್ರಿಟಿಷ್ ಅಥವಾ ಅಮೆರಿಕನ್ ವಿನ್ಯಾಸವನ್ನೂ ಮೆಟ್ರಿಕ್ ಬೋಲ್ಟು ಜಪಾನ್, ಜರ್ಮನಿ ಮೊದಲಾದ ದೇಶಗಳ ವಿನ್ಯಾಸವನ್ನೂ ಸೂಚಿಸುತ್ತದೆ.

ಬಣ್ಣವನ್ನು ಮಾತ್ರ ಸಾಕ್ಷಿಯೆಂದು ಒಪ್ಪಬಾರದು. ವೋಲ್ವೋ ಪೆಂಟಾ ಎಂದರೆ ಹಸಿರು, ಯಾನ್ಮಾರ್ ಎಂದರೆ ಬೂದು ಎಂಬ ವಾಡಿಕೆ ಇದೆಯಾದರೂ ಒಂದು ಡಬ್ಬಿ ಬಣ್ಣದಿಂದ ಯಾವ ಎಂಜಿನ್ನಿನ ರೂಪವನ್ನಾದರೂ ಮಾರ್ಪಡಿಸಬಹುದು.

ಅಳತೆಯ ಸಾಕ್ಷ್ಯ

ಯಾವ ಅಂಕಿಯೂ ಉಳಿದಿಲ್ಲದ ಎಂಜಿನ್ನನ್ನು ಅಳತೆಯಿಂದ ಗುರುತಿಸಬಹುದು. ದುರಸ್ತಿಗಾಗಿ ಸಿಲಿಂಡರಿನ ಮೇಲ್ಭಾಗವನ್ನು ಬಿಚ್ಚಿದಾಗ ಎರಡು ಅಳತೆಗಳನ್ನು ತೆಗೆದುಕೊಳ್ಳಬೇಕು. ಸಿಲಿಂಡರಿನ ಒಳವ್ಯಾಸ ಒಂದು. ಪಿಸ್ಟನ್ನು ಮೇಲಿನಿಂದ ಕೆಳಗೆ ಚಲಿಸುವ ದೂರ ಇನ್ನೊಂದು. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದುದನ್ನು ಚಲನೆಯ ದೂರದಿಂದಲೂ ಸಿಲಿಂಡರುಗಳ ಎಣಿಕೆಯಿಂದಲೂ ಗುಣಿಸಿ, ಕೊನೆಗೆ 0.7854ರಿಂದ ಗುಣಿಸಿದರೆ ಎಂಜಿನ್ನಿನ ಗಾತ್ರ ದೊರೆಯುತ್ತದೆ.

ಉದಾಹರಣೆಗೆ, ನಾಲ್ಕು ಸಿಲಿಂಡರಿನ ಎಂಜಿನ್ನೊಂದರ ವ್ಯಾಸ 7.3025 ಸೆಂಟಿಮೀಟರು, ಚಲನೆಯ ದೂರ 8.89 ಸೆಂಟಿಮೀಟರು ಇದ್ದರೆ ಗಾತ್ರ 1489 ಘನ ಸೆಂಟಿಮೀಟರು ಎಂದಾಗುತ್ತದೆ. ಇದು ಮೇಲೆ ಹೇಳಿದ ಅಂಬಾಸಿಡರ್ ಕುಲದ ಎಂಜಿನ್ನು. ಚಲನೆಯ ದೂರ ಅಷ್ಟೇ ಇದ್ದು ವ್ಯಾಸ 7.94 ಸೆಂಟಿಮೀಟರು ಇದ್ದರೆ ಗಾತ್ರ ಸುಮಾರು 1760 ಘನ ಸೆಂಟಿಮೀಟರು. ಅದು ಪರ್ಕಿನ್ಸ್ 4.108 ಆಗಿರುವ ಸಂಭವ ಹೆಚ್ಚು. ಆದ್ದರಿಂದ ಎರಡು ಅಳತೆಗಳೂ ಅಗತ್ಯ. ಸವೆದ ಸಿಲಿಂಡರನ್ನು ದುರಸ್ತಿಯ ವೇಳೆ ಕೊರೆದು ಹಿಗ್ಗಿಸಿರುತ್ತಾರಾದ್ದರಿಂದ ವ್ಯಾಸವು ಮೂಲಕ್ಕಿಂತ ಅರ್ಧ ಅಥವಾ ಒಂದು ಮಿಲಿಮೀಟರಿನಷ್ಟು ಹೆಚ್ಚಾಗಿರಬಹುದು. ಪಿಸ್ಟನ್ನಿನ ಚಲನೆಯ ದೂರವು ಹೀಗೆ ಬದಲಾಗುವುದಿಲ್ಲ; ಎರಡರಲ್ಲಿ ಹೆಚ್ಚು ನಂಬಬೇಕಾದ ಅಳತೆ ಅದೇ.

ಗೇರ್‌ಪೆಟ್ಟಿಗೆಯ ವಿಚಾರ

ಗೇರ್‌ಪೆಟ್ಟಿಗೆಯು ಹೆಚ್ಚಿನ ಸಂದರ್ಭಗಳಲ್ಲಿ ಬೇರೊಬ್ಬ ತಯಾರಕರದು. ಅದಕ್ಕೆ ಪ್ರತ್ಯೇಕ ಫಲಕ, ಪ್ರತ್ಯೇಕ ಸಂಖ್ಯೆ ಇರುತ್ತದೆ. ಎಂಜಿನ್ನು ಎಷ್ಟು ಸುತ್ತು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು ತಿರುಗುತ್ತದೆ ಎಂಬ ಪ್ರಮಾಣವನ್ನು ಆ ಫಲಕದಿಂದ ಬರೆದುಕೊಳ್ಳಬೇಕು. ಫಲಕವಿಲ್ಲದಿದ್ದಲ್ಲಿ, ಯಾಂತ್ರಿಕ ಹಿಡಿತದ ಪೆಟ್ಟಿಗೆಗಳಲ್ಲಿ ಮುಂದಿನ ಗೇರನ್ನು ಹಾಕಿ ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲಿ ತಿರುಗಿಸುತ್ತಾ ಸುತ್ತುಗಳನ್ನು ಎಣಿಸಬಹುದು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪೆಟ್ಟಿಗೆಗಳಲ್ಲಿ ಈ ಉಪಾಯ ನಡೆಯದು. ಪ್ರಮಾಣ ತಿಳಿಯದೆ ಪ್ರೊಪೆಲರನ್ನು ಬದಲಿಸಿದರೆ ಎಂಜಿನ್ನಿನ ಮೇಲೆ ಅತಿಭಾರ ಬಿದ್ದು ಡೀಸೆಲ್ ಪೋಲಾಗುತ್ತದೆ.

ಮೂಲ ತಿಳಿದ ಮೇಲೆ

ಎಂಜಿನ್ನಿನ ಮೂಲ ಖಚಿತವಾದೊಡನೆ ಅದರ ಭಾಗಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಬೇಕು. ಪಿಸ್ಟನ್ನಿನ ಉಂಗುರ, ಬೇರಿಂಗು, ಕವಾಟ, ಸೋಸುಕ ಮುಂತಾದ ಒಳಭಾಗಗಳು ಮೂಲ ಎಂಜಿನ್ನಿನವು. ಇವು ಲಾರಿ ಮತ್ತು ಟ್ರ್ಯಾಕ್ಟರಿನ ಬಿಡಿಭಾಗಗಳ ಮಳಿಗೆಗಳಲ್ಲಿ ದೊರೆಯುವ ಸಾಧ್ಯತೆ ಇದೆ. ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್ ಮುಂತಾದ ಮಾರುಕಟ್ಟೆಗಳು ಇದಕ್ಕೆ ಹೆಸರಾಗಿವೆ. ಸಮುದ್ರದ ನೀರಿನ ಪಂಪು, ಶಾಖ ವಿನಿಮಯಕ, ನೀರು ಹರಿಯುವ ಹೊಗೆನಳಿಗೆ ಇವು ಎರಡನೆಯ ಪಟ್ಟಿಗೆ ಸೇರಿದವು. ಇವುಗಳನ್ನು ದೋಣಿಯ ಸಾಮಗ್ರಿಗಳ ವ್ಯಾಪಾರಿಗಳಿಂದಲೇ ಕೊಳ್ಳಬೇಕು. ಲಾರಿಯ ನೀರಿನ ಪಂಪನ್ನು ಉಪ್ಪುನೀರಿಗೆ ಜೋಡಿಸಿದರೆ ಅದು ಬೇಗನೆ ತುಕ್ಕು ಹಿಡಿದು ಹಾಳಾಗುತ್ತದೆ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಇಂಧನ ಪಂಪಿನ ಹೊಂದಾಣಿಕೆಯೂ ದೋಣಿಗೆ ಬೇರೆ, ಲಾರಿಗೆ ಬೇರೆ ಇರಬಹುದು. ಹಳೆಯ ಭಾಗವನ್ನು ಜೊತೆಗೆ ಒಯ್ದು, ಸಂಖ್ಯೆಯನ್ನೂ ಅಳತೆಯನ್ನೂ ಹೋಲಿಸಿದ ನಂತರವೇ ಹಣ ಕೊಡುವುದು ವಿವೇಕ.

ಸಂಖ್ಯೆ ತಾಳೆಯಾಗದಿದ್ದರೆ

ಅಚ್ಚೊತ್ತಿದ ಸಂಖ್ಯೆಯು ನೋಂದಣಿ ಪತ್ರದ ಸಂಖ್ಯೆಗಿಂತ ಭಿನ್ನವಾಗಿದ್ದಲ್ಲಿ ಅದರ ಹಿಂದೆ ನಿರ್ದೋಷವಾದ ಕಾರಣವೂ ಇರಬಹುದು: ಹಿಂದಿನ ಒಡೆಯರು ಎಂಜಿನ್ನನ್ನು ಬದಲಿಸಿ, ಇಲಾಖೆಗೆ ತಿಳಿಸಲು ಮರೆತಿರಬಹುದು. ಆದರೆ ಸಂಖ್ಯೆಯ ಜಾಗವನ್ನು ಅರದಿಂದ ಉಜ್ಜಿರುವುದು, ಅಂಕಿಗಳು ಏರುಪೇರಾಗಿರುವುದು, ಹಳೆಯ ಬಣ್ಣದ ಮೇಲೆ ಹೊಸ ರಿವೆಟ್ಟುಗಳು ಕಾಣುವುದು ಇವು ಅನುಮಾನಕ್ಕೆ ಎಡೆಮಾಡುವ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಮುಂಗಡ ಹಣವನ್ನು ಕೊಡದೆ, ಆ ರಾಜ್ಯದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ತಾವಾಗಿಯೇ ಸಂಖ್ಯೆಯನ್ನು ತಿದ್ದುವುದಾಗಲಿ ಹೊಸದಾಗಿ ಒತ್ತಿಸುವುದಾಗಲಿ ಎಂದಿಗೂ ಕೂಡದು. ರಾಜ್ಯಗಳು ನೀಡುವ ಡೀಸೆಲ್ ರಿಯಾಯಿತಿಯಂತಹ ಸೌಲಭ್ಯಗಳಿಗೆ ನೋಂದಣಿಯೇ ಆಧಾರವಾಗಿರುವುದರಿಂದ ದಾಖಲೆ ಸರಿಯಿರುವುದು ಒಡೆಯರ ಹಿತಕ್ಕೇ ಸಂಬಂಧಿಸಿದ್ದು.

ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೂ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೂ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡದಲ್ಲಿರುವ ಈ 61 ದಿನಗಳು ಮೇಲಿನ ಪರಿಶೀಲನೆಗೆ ಅತ್ಯಂತ ಅನುಕೂಲವಾದ ಕಾಲ. ಎಂಜಿನ್ನಿನ ತಯಾರಕರು, ಮಾದರಿ, ಕ್ರಮಾಂಕ, ಎರಕದ ಅಂಕಿ, ಗೇರ್‌ಪೆಟ್ಟಿಗೆಯ ಪ್ರಮಾಣ, ಸೋಸುಕ ಮತ್ತು ಬೆಲ್ಟುಗಳ ಸಂಖ್ಯೆ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ನೀರು ತಾಗದಂತೆ ದೋಣಿಯಲ್ಲಿಯೂ ಇರಿಸಿಕೊಳ್ಳಬೇಕು. ಸಮುದ್ರದಲ್ಲಿ ಅಪಾಯ ಒದಗಿದಾಗ ಭಾರತೀಯ ತಟರಕ್ಷಣಾ ಪಡೆಯನ್ನು ಕರೆಯಬೇಕಾದ 1554 ಎಂಬ ದೂರವಾಣಿ ಸಂಖ್ಯೆಯನ್ನೂ ಅದೇ ಹಾಳೆಯ ತಲೆಯಲ್ಲಿ ಬರೆದಿಡುವುದು ಒಳಿತು. ದೋಣಿಯನ್ನು ಮುಂದೊಮ್ಮೆ ಮಾರುವಾಗ ಈ ಹಾಳೆಯನ್ನು ಹೊಸ ಒಡೆಯರಿಗೆ ತಪ್ಪದೆ ಒಪ್ಪಿಸಿದಲ್ಲಿ, ಅದೇ ಹುಡುಕಾಟವನ್ನು ಇನ್ನೊಂದು ಕುಟುಂಬ ಮತ್ತೆ ಮೊದಲಿನಿಂದ ನಡೆಸಬೇಕಾಗಿ ಬರುವುದಿಲ್ಲ.